ರಾಗಿ ಡಬ್ಬಗಳ ಹಿಂದೆ ಸಿಕ್ಕ ಕೆಂಪು ಮಾತ್ರೆಗಳು

ಯುಗಾದಿಗೆ ಮುಂಚೆ ಅಮ್ಮನ ಮನೆಯ ಅಟ್ಟ ಕ್ಲೀನ್ ಮಾಡೋಣ ಅಂತ ಏಣಿ ಹತ್ತಿದ್ದೆ. ಹಿತ್ತಾಳೆ ಕೊಳಗ, ಹರಿದ ಜರಡಿ, ಯಾವ ಕಾಲದ್ದೋ ಹಾಲಿನ ಪುಡಿ ಡಬ್ಬಗಳು. ರಾಗಿ ಡಬ್ಬಗಳ ಹಿಂದೆ ಸಿಕ್ಕಿಕೊಂಡಿದ್ದ ಒಂದು ತಗಡಿನ ಡಬ್ಬದ ಮುಚ್ಚಳ ತೆಗೆದರೆ ಒಳಗೊಂದು ಪ್ಲಾಸ್ಟಿಕ್ ಕವರ್, ಅದರೊಳಗೆ ಮಾತ್ರೆ. ಕೆಂಪು ಮಾತ್ರೆ. ಹತ್ತು ಸ್ಟ್ರಿಪ್. ಒಂಬತ್ತರಲ್ಲಿ ಒಂದನ್ನೂ ಒತ್ತಿರಲಿಲ್ಲ. ಹತ್ತನೆಯದರಲ್ಲಿ ಮೂರು ಖಾಲಿ.

ತೊಂಬತ್ತೇಳು ಮಾತ್ರೆ. ಎಲ್ಲ ನನ್ನವೇ. ಹನ್ನೊಂದು ವರ್ಷದ ಹಿಂದೆ ನಾನು ಬಸುರಿಯಾಗಿದ್ದಾಗ ಆಶಾ ಕಾರ್ಯಕರ್ತೆ ಅಕ್ಕ ತಂದುಕೊಟ್ಟಿದ್ದ ಕಬ್ಬಿಣದ ಮಾತ್ರೆಗಳು. "ತಗೊಳ್ತಿದ್ದೀಯೇನಮ್ಮಾ?" ಅಂತ ಅವರು ಬಂದಾಗಲೆಲ್ಲ ಕೇಳುತ್ತಿದ್ದರು. "ಹ್ಞೂಂ ಅಕ್ಕ" ಅನ್ನುತ್ತಿದ್ದೆ. ಅವರು ಪುಸ್ತಕದಲ್ಲಿ ಗುರುತು ಹಾಕಿಕೊಂಡು ಮುಂದಿನ ಮನೆಗೆ ಹೋಗುತ್ತಿದ್ದರು. ಏಣಿಯ ಮೇಲೆ ನಿಂತುಕೊಂಡೇ ನಾನು ಆ ಮಾತ್ರೆಗಳನ್ನು ಎರಡು ಸಲ ಎಣಿಸಿದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಹಿಮೋಗ್ಲೋಬಿನ್ ಅಂದರೇನು, ಕಬ್ಬಿಣ ಯಾಕೆ ಬೇಕು, ಆಮ್ಲಜನಕ ಹೇಗೆ ಸಾಗುತ್ತದೆ ಅಂತ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸಿದವಳು. ನನಗೆ ಗೊತ್ತಿರಲಿಲ್ಲ ಅಂತ ಹೇಳುವ ಹಾಗಿಲ್ಲ. ಮೊದಲ ಮೂರು ದಿನ ನುಂಗಿದೆ. ಬಾಯೆಲ್ಲ ತುಕ್ಕು ಹಿಡಿದ ಮೊಳೆ ನೆಕ್ಕಿದ ಹಾಗೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತಗೊಂಡಿದ್ದೆ, ಮೂರನೇ ದಿನ ಬಚ್ಚಲಿಗೆ ಓಡಿ ಪೂರ್ತಿ ಕಕ್ಕಿದೆ. ಅದಕ್ಕಿಂತ ಹೆದರಿಕೆ ಆಗಿದ್ದು ಮಲ ಕಪ್ಪಗೆ ಹೋಗಿದ್ದು ನೋಡಿ. ಪಕ್ಕದ ಮನೆ ಅಜ್ಜಿಗೆ ಹೇಳಿದೆ. "ಕಪ್ಪಗೆ ಹೋಗ್ತಿದ್ಯಾ? ಮಗೂನೂ ಕಪ್ಪಗೇ ಹುಟ್ಟುತ್ತೆ, ಬಿಡು ಅದನ್ನ" ಅಂದರು. ಇನ್ನೊಬ್ಬರು, ಮಾತ್ರೆ ತಗೊಂಡರೆ ಮಗು ದಪ್ಪ ಆಗುತ್ತೆ, ಆಮೇಲೆ ಆಪರೇಷನ್ನೇ ಗತಿ ಅಂದರು. ನಾನು ಇದನ್ನೆಲ್ಲ ನಂಬಿದೆ ಅಂತಲ್ಲ. ಆದರೆ ಬಿಡುವುದಕ್ಕೆ ಒಂದು ನೆಪ ಬೇಕಾಗಿತ್ತು, ಸಿಕ್ಕಿತು. ಡಬ್ಬಕ್ಕೆ ಹಾಕಿ ಮುಚ್ಚಿದೆ.

ಮಲ ಕಪ್ಪಾಗುವುದರಲ್ಲಿ ಹೆದರುವಂಥದ್ದು ಏನೂ ಇರಲಿಲ್ಲ. ಮಾತ್ರೆಯಲ್ಲಿರುವ ಕಬ್ಬಿಣ ಪೂರ್ತಿ ಮೈಗೆ ಹತ್ತುವುದಿಲ್ಲ. ಹತ್ತದೆ ಉಳಿದದ್ದು ಹೊರಗೆ ಹೋಗುವಾಗ ಕಪ್ಪಗೆ ಕಾಣುತ್ತದೆ, ಅಷ್ಟೇ. ಮಗುವಿನ ಬಣ್ಣಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಈ ಎರಡು ವಾಕ್ಯವನ್ನು ಮಾತ್ರೆ ಕೊಟ್ಟ ದಿನವೇ ಯಾರಾದರೂ ನನಗೆ ಹೇಳಿದ್ದರೆ? ರಾತ್ರಿ ಊಟ ಆದ ಮೇಲೆ ತಗೋ, ಮಲಗಿದರೆ ವಾಕರಿಕೆ ಗೊತ್ತಾಗಲ್ಲ ಅಂತ ಹೇಳಿದ್ದರೆ? ಆಶಾ ಅಕ್ಕನ ತಪ್ಪು ಅಂತ ನಾನು ಹೇಳುತ್ತಿಲ್ಲ. ಅವರಿಗೆ ಒಂದೇ ದಿನ ಎಷ್ಟು ಮನೆ, ಎಷ್ಟು ಪುಸ್ತಕ. ಲೆಕ್ಕಕ್ಕೆ ಬರುವುದು ಕೊಟ್ಟ ಮಾತ್ರೆ. ನುಂಗಿದ್ದನ್ನು ಎಣಿಸುವವರು ಮನೆಯೊಳಗೇ ಇರಬೇಕು. ನಮ್ಮ ಮನೆಯೊಳಗೆ ಯಾರೂ ಇರಲಿಲ್ಲ.

ನಾಲ್ಕನೇ ತಿಂಗಳಲ್ಲಿ ನನ್ನ ಹಿಮೋಗ್ಲೋಬಿನ್ 9.1 ಇತ್ತು. ಎಂಟನೇ ತಿಂಗಳಲ್ಲಿ 8.3. ಆಗ ಡಾಕ್ಟರಮ್ಮ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಅಂಗೈ ನೋಡಿ, ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಬೈಯಲಿಲ್ಲ. ಐರನ್ ಡ್ರಿಪ್ ಹಾಕೋಣ ಅಂದರು. ದಿನ ಬಿಟ್ಟು ದಿನ ಹೋಗಿ ಹಾಕಿಸಿಕೊಂಡೆ. ಆ ಡ್ರಿಪ್ಪಿನ ದ್ರವ ಕಾಫಿ ಕಷಾಯದ ಬಣ್ಣ. ಹೆರಿಗೆ ಹೇಗೋ ಆಯಿತು. ಆದರೆ ಆಮೇಲೆ ಒಂದು ವರ್ಷ ನಾನು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದೆ, ತಲೆ ಬಾಚಿದರೆ ಹಿಡಿ ಹಿಡಿ ಕೂದಲು, ಮಗು ಅತ್ತರೆ ಎದ್ದು ಕೂರುವುದಕ್ಕೂ ಆಗದೆ ನಾನೂ ಅಳುತ್ತಿದ್ದೆ. ಬಾಣಂತಿ ಅಂದಮೇಲೆ ಹೀಗೇ ಇರುತ್ತೆ ಅಂತ ಎಲ್ಲರೂ ಹೇಳಿದರು. ನಾನೂ ಹಾಗೇ ಅಂದುಕೊಂಡೆ. ಹೆರಿಗೆಯಾದ ಮೇಲೂ ಮಾತ್ರೆ ಮುಂದುವರಿಸಬೇಕು ಅನ್ನುವುದು ನನ್ನ ತಲೆಗೇ ಬರಲಿಲ್ಲ.

ಅಟ್ಟದಿಂದ ಇಳಿದ ಮೇಲೆ ಹಲವು ದಿನ ಇದರ ಬಗ್ಗೆ ಓದಿದೆ. ಬಸುರಿಯಲ್ಲಿ ಮೈಯ ರಕ್ತ ಜಾಸ್ತಿ ಆಗುತ್ತದೆ. ಆದರೆ ರಕ್ತದ ನೀರಿನ ಅಂಶ ಶೇಕಡಾ 40ರಿಂದ 50ರಷ್ಟು ಹೆಚ್ಚಿದರೆ, ಕೆಂಪು ಕಣ ಹೆಚ್ಚುವುದು 20ರಿಂದ 30ರಷ್ಟು. ನೆಂಟರು ಬಂದರು ಅಂತ ಸಾರಿಗೆ ಎರಡು ಲೋಟ ನೀರು ಬೆರೆಸುತ್ತೇವಲ್ಲ, ಹಾಗೆ ತೆಳುವಾಗುತ್ತದೆ. ಅದಕ್ಕೇ ಬೇರೆ ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಅಂದರೆ, ಬಸುರಿಗೆ ಆ ಗೆರೆ 11ಕ್ಕೆ ಇಳಿಯುತ್ತದೆ. 7ರಿಂದ 9.9ರವರೆಗೆ ಮಧ್ಯಮ, 7ಕ್ಕಿಂತ ಕಡಿಮೆಯಾದರೆ ತೀವ್ರ. ಇಡೀ ಒಂದು ಬಸಿರಿಗೆ ಬೇಕಾಗುವ ಕಬ್ಬಿಣ ಸುಮಾರು 1000 ಮಿಲಿಗ್ರಾಂ. ಒಂದೇ ಒಂದು ಗ್ರಾಂ. ಅದರಲ್ಲಿ 300ರಷ್ಟು ಮಗು ಮತ್ತು ಮಾಸಿಗೆ, 500ರಷ್ಟು ತಾಯಿಯ ಹೊಸ ಕೆಂಪು ಕಣಗಳಿಗೆ. ಕೇಳುವುದಕ್ಕೆ ಎಷ್ಟು ಚಿಕ್ಕ ಲೆಕ್ಕ, ಅಲ್ವಾ? ಆದರೆ ತಿಂಗಳು ತಿಂಗಳು ಮುಟ್ಟಿನಲ್ಲಿ ಕಳೆದುಕೊಂಡು, ಊಟದಲ್ಲಿ ಅಷ್ಟಿಷ್ಟು ಪಡೆದುಕೊಂಡು ಬದುಕುವ ಮೈಗೆ ಅದು ದೊಡ್ಡ ಸಾಲ. ಬಸುರಿಯಾದ ದಿನ ಕೈಯಲ್ಲಿ ಏನಿತ್ತು ಅನ್ನುವುದರ ಮೇಲೆ ಎಲ್ಲ ನಿಂತಿರುತ್ತದೆ.

ಎಷ್ಟು ಜನರ ಕೈ ಖಾಲಿ ಇತ್ತು ಅಂತ ನೋಡಿದೆ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ಶೇಕಡಾ 52.2 ಮಂದಿಗೆ ರಕ್ತಹೀನತೆ. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ 50.4 ಇತ್ತು. ಕಡಿಮೆ ಆಗಿಲ್ಲ, ಹೆಚ್ಚಿದೆ. ನಮ್ಮ ರಾಜ್ಯದಲ್ಲಿ 45.7. ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ 59.1. ಆ ಕೊನೆಯ ಅಂಕಿ ನನ್ನನ್ನು ಜಾಸ್ತಿ ಕಾಡಿತು, ಯಾಕೆಂದರೆ ಆ ವಯಸ್ಸಿನ ಹುಡುಗಿಯರನ್ನು ನಾನು ದಿನಾ ನೋಡುತ್ತೇನೆ. ಇನ್ನೊಂದು ಕಾರಣ ನನ್ನ ಚಿಕ್ಕಮ್ಮನ ಮಗಳು.

ಅವಳಿಗೆ ಹದಿನೇಳಕ್ಕೆ ಮದುವೆ ಮಾಡಿದರು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಡಿಸಿದ್ದರು. ಆ ಮದುವೆಗೆ ನಾನೂ ಹೋಗಿದ್ದೆ, ಸೀರೆ ಉಟ್ಟು, ಉಡುಗೊರೆ ಕೊಟ್ಟು, ಪಂಕ್ತಿಯಲ್ಲಿ ಕೂತು ಊಟ ಮಾಡಿ ಬಂದೆ. ಹದಿನೆಂಟಾಗದ ಹುಡುಗಿಯ ಮದುವೆ ನಮ್ಮ ರಾಜ್ಯದಲ್ಲಿ 2017ರಿಂದ ಮದುವೆಯೇ ಅಲ್ಲ, ಕಾನೂನಿನ ಕಣ್ಣಲ್ಲಿ ಮೊದಲಿನಿಂದಲೇ ಅಸಿಂಧು. ಮಕ್ಕಳ ಸಹಾಯವಾಣಿ 1098ಕ್ಕೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಚಿಕ್ಕಪ್ಪ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಸುಮ್ಮನಿದ್ದೆ. ಇದನ್ನು ಬರೆಯುವಾಗ ಈಗಲೂ ನನ್ನ ಕೈ ತಡೆಯುತ್ತದೆ, ಆದರೆ ಬರೆಯದೆ ಈ ಕತೆ ಹೇಳುವುದು ಸರಿಯಲ್ಲ.

ವರ್ಷ ತುಂಬುವುದರೊಳಗೆ ಬಸುರಿ. ಆಸ್ಪತ್ರೆಗೆ ಹೋಗಲು ತಡ ಮಾಡಿದರು. ಯಾಕೆ ಅಂತ ಆಮೇಲೆ ಗೊತ್ತಾಯಿತು. ಹದಿನೆಂಟು ತುಂಬದ ಬಸುರಿ ಬಂದರೆ ಪೋಕ್ಸೋ ಕಾಯ್ದೆ ಪ್ರಕಾರ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕು. ಗಂಡನ ಮನೆಯವರಿಗೆ ಆ ಹೆದರಿಕೆ. ಕಾನೂನು ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಮದುವೆ ತಡೆಯಬೇಕಾಗಿದ್ದ ಹೊತ್ತಲ್ಲಿ ಎಲ್ಲರೂ ಸುಮ್ಮನಿದ್ದು, ಬಸುರಿಯಾದ ಮೇಲೆ ಎಲ್ಲರೂ ಹೆದರಿಕೊಂಡರೆ, ಆ ಹೆದರಿಕೆಯ ಬೆಲೆ ಕೊಡುವುದು ಆ ಹುಡುಗಿ. ಆರನೇ ತಿಂಗಳಲ್ಲಿ ತಾಯಿ ಕಾರ್ಡ್ ಮಾಡಿಸಿದಾಗ ವಯಸ್ಸಿನ ಜಾಗದಲ್ಲಿ 19 ಅಂತ ಬರೆಸಿದ್ದರು.

ಆ ದಿನ ನಾನೂ ಜೊತೆಗಿದ್ದೆ. ಉಪಕೇಂದ್ರ ಒಂದು ಸಣ್ಣ ರೂಮು, ಕಿಟಕಿ ಪಕ್ಕ ಟೇಬಲ್ಲು. ಅವತ್ತು ಅವರ ಹತ್ತಿರ ಇದ್ದದ್ದು ಹಿಮೋಗ್ಲೋಬಿನ್ ಅಳೆಯುವ ಹಳೇ ಸಾಹ್ಲಿ ಮೀಟರ್. ನೋಡದವರಿಗೆ ಹೇಳುತ್ತೇನೆ. ಎರಡು ಬದಿಯಲ್ಲಿ ಕಂದು ಬಣ್ಣದ ಗಾಜಿನ ಕಡ್ಡಿ, ನಡುವೆ ಗೆರೆ ಹಾಕಿದ ಒಂದು ಸಣ್ಣ ಟ್ಯೂಬ್. ಟ್ಯೂಬಿಗೆ ಮೊದಲು ಒಂದಿಷ್ಟು ಆಸಿಡ್. ಬೆರಳು ಚುಚ್ಚಿ ಸಣ್ಣ ಕೊಳವೆಯಲ್ಲಿ ರಕ್ತ ಎಳೆದು ಆಸಿಡ್ಡಿಗೆ ಬಿಡುತ್ತಾರೆ. ಹತ್ತು ನಿಮಿಷ ಬಿಟ್ಟರೆ ಅದು ಕಂದು ಆಗುತ್ತದೆ. ಆಮೇಲೆ ಹನಿ ಹನಿ ನೀರು ಹಾಕುತ್ತಾ, ಪಕ್ಕದ ಗಾಜಿನ ಬಣ್ಣಕ್ಕೆ ಸಮ ಆಗುವವರೆಗೆ ತೆಳು ಮಾಡುತ್ತಾ ಹೋಗಬೇಕು. ಸಮ ಆದಾಗ ನೀರು ಯಾವ ಗೆರೆಯಲ್ಲಿದೆಯೋ ಅದೇ ಹಿಮೋಗ್ಲೋಬಿನ್. ರಕ್ತ ಗಟ್ಟಿ ಇದ್ದರೆ ಜಾಸ್ತಿ ನೀರು ಹಿಡಿಯುತ್ತದೆ. ಅವಳ ರಕ್ತ ಕೆಲವೇ ಹನಿಗೆ ಆ ಬಣ್ಣಕ್ಕೆ ಬಂದುಬಿಟ್ಟಿತು. ಸಿಸ್ಟರ್ ಟ್ಯೂಬನ್ನು ಕಿಟಕಿ ಬೆಳಕಿಗೆ ಹಿಡಿದರು, ಮತ್ತೆ ಹಿಡಿದರು. ಕೈಯಲ್ಲಿದ್ದ ಡ್ರಾಪರ್ ಕೆಳಗಿಟ್ಟರು. "ಆರೂ ಮುಕ್ಕಾಲು" ಅಂದರು ಮೆಲ್ಲಗೆ. ಆಮೇಲೆ ಚಿಕ್ಕಮ್ಮನ ಕಡೆ ತಿರುಗಿ, "ಇವತ್ತೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ, ನಾಳೆ ಅನ್ಬೇಡಿ" ಅಂದರು.

ಅವಳು ಮಣ್ಣು ತಿನ್ನುತ್ತಿದ್ದಳು ಅನ್ನುವುದು ನನಗೆ ಆ ದಿನ ಆಟೋದಲ್ಲಿ ಗೊತ್ತಾಯಿತು. ಮಳೆ ಹನಿ ಬಿದ್ದ ಕೂಡಲೇ ಹಿತ್ತಲಿಗೆ ಹೋಗಿ ಹಳೇ ಗೋಡೆಯ ಕೆಮ್ಮಣ್ಣು ಉಗುರಲ್ಲಿ ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳಂತೆ. ಮಣ್ಣು ಸಿಗದಿದ್ದರೆ ಹಸಿ ಅಕ್ಕಿ, ಬಳಪ. ಮನೆಯವರು ನಗುತ್ತಿದ್ದರಂತೆ. ಬಸುರಿ ಬಯಕೆ, ನಮ್ಮ ಕಾಲದಲ್ಲೂ ತಿಂದಿದ್ದೀವಿ ಅಂತ. ನಮ್ಮಲ್ಲಿ ಬಯಕೆ ಅಂದರೆ ಒಂದು ಮುದ್ದು. ಹುಣಸೆಕಾಯಿ, ಮಾವಿನಕಾಯಿ, ಮಣ್ಣು, ಎಲ್ಲವನ್ನೂ ಒಂದೇ ಸಾಲಿಗೆ ಸೇರಿಸಿಬಿಟ್ಟಿದ್ದೇವೆ. ಆದರೆ ಮಣ್ಣು, ಬಳಪ, ಬೂದಿ, ಹಸಿ ಅಕ್ಕಿ ತಿನ್ನಬೇಕು ಅನ್ನಿಸುವುದು ಎಷ್ಟೋ ಸಲ ಕಬ್ಬಿಣ ಕಡಿಮೆಯಾಗಿದೆ ಅನ್ನುವುದರ ಗುರುತು. ಮಣ್ಣಿನಿಂದ ಕಬ್ಬಿಣ ಸಿಗುತ್ತೆ ಅಂತಲ್ಲ. ಕೆಲವು ಜಾತಿಯ ಮಣ್ಣು ಊಟದಲ್ಲಿರುವ ಕಬ್ಬಿಣವನ್ನೂ ಮೈಗೆ ಹತ್ತದ ಹಾಗೆ ಮಾಡುತ್ತದೆ, ಜೊತೆಗೆ ಹುಳುವಿನ ಮೊಟ್ಟೆಯನ್ನೂ ಹೊಟ್ಟೆಗೆ ತರುತ್ತದೆ. ಆ ಹುಡುಗಿಯ ಮೈ ತಿಂಗಳುಗಟ್ಟಲೆ ಕೂಗಿ ಹೇಳುತ್ತಿತ್ತು, ನಾವು ಅದನ್ನು ಬಯಕೆ ಅಂತ ಕರೆದು ಸೀಮಂತದ ದಿನ ಹಾಡು ಹೇಳಿದೆವು.

ಹದಿನೇಳರ ಹುಡುಗಿ ಇನ್ನೂ ಬೆಳೆಯುತ್ತಿರುತ್ತಾಳೆ. ಅವಳ ಮೂಳೆ, ಮಾಂಸ, ರಕ್ತ ಎಲ್ಲಕ್ಕೂ ಕಬ್ಬಿಣ ಬೇಕು. ಮುಟ್ಟು ಶುರುವಾಗಿ ನಾಲ್ಕೈದು ವರ್ಷ ಅಷ್ಟೇ ಆಗಿರುತ್ತದೆ, ಮೈಯಲ್ಲಿ ಉಳಿತಾಯ ಅಂತ ಏನೂ ಸೇರಿರುವುದಿಲ್ಲ. ಅದರೊಳಗೆ ಇನ್ನೊಂದು ಜೀವ ಬಂದು ಪಾಲು ಕೇಳುತ್ತದೆ. ನನ್ನಂಥ ಇಪ್ಪತ್ತಾರರ ಹೆಂಗಸಿಗೆ ಆದದ್ದು ಸುಸ್ತು, ಏದುಸಿರು, ಒಂದು ವರ್ಷದ ಕಣ್ಣೀರು. ಅವಳಿಗೆ ಆದದ್ದು ಬೇರೆ. ದೊಡ್ಡಾಸ್ಪತ್ರೆಯಲ್ಲಿ ಎರಡು ಬಾಟಲಿ ರಕ್ತ ಹಾಕಿದರು. ಹೆರಿಗೆ ದಿನಕ್ಕೆ ಮುಂಚೆಯೇ ಆಯಿತು. ಮಗು ಎರಡು ಕೇಜಿ ನೂರು ಗ್ರಾಂ. ಮಾಸು ಬಿದ್ದ ಮೇಲೆ ರಕ್ತ ನಿಲ್ಲಲಿಲ್ಲ. ಗಟ್ಟಿ ಮೈಯ ಹೆಂಗಸು ಹೆರಿಗೆಯಲ್ಲಿ ಅರ್ಧ ಲೀಟರ್ ರಕ್ತ ಹೋದರೂ ತಡೆದುಕೊಳ್ಳುತ್ತಾಳೆ. ರಕ್ತವೇ ಇಲ್ಲದವಳಿಗೆ ಅಷ್ಟು ಹೋದರೆ ಏನು ಉಳಿಯುತ್ತದೆ? ಅವತ್ತು ರಾತ್ರಿ ರಕ್ತನಿಧಿಯ ಬಾಗಿಲಲ್ಲಿ ನಿಂತು, ಅವಳ ಗಂಡ, ಅವನೂ ಇಪ್ಪತ್ತೆರಡರ ಹುಡುಗನೇ, ತನ್ನ ರಕ್ತ ಕೊಡುತ್ತೇನೆ ಅಂತ ತೋಳು ಮಡಿಚಿಕೊಂಡು ನಿಂತಿದ್ದ. "ಅಕ್ಕ, ನನಗೆ ಯಾರೂ ಹೇಳ್ಲಿಲ್ಲ, ಇಷ್ಟು ಕಮ್ಮಿ ಇದೆ ಅಂತ ಯಾರೂ ಹೇಳ್ಲಿಲ್ಲ" ಅಂತ ಅದನ್ನೇ ಹೇಳುತ್ತಿದ್ದ. ನಿಜ. ತಾಯಿ ಕಾರ್ಡಿನಲ್ಲಿ ಬರೆದದ್ದನ್ನು ಅವನಿಗೆ ಯಾರೂ ಓದಿ ಹೇಳಿರಲಿಲ್ಲ. ಅವಳು ಉಳಿದಳು. ಮಗುವೂ ಉಳಿಯಿತು.

ಆ ವರ್ಷದಿಂದ ನಮ್ಮ ಶಾಲೆಯಲ್ಲಿ ನೀಲಿ ಮಾತ್ರೆ ಕೊಡುವ ಕೆಲಸ ನಾನೇ ಕೇಳಿ ತಗೊಂಡೆ. ಹದಿಹರೆಯದ ಮಕ್ಕಳಿಗೆ ವಾರಕ್ಕೊಂದು, 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ಇದು ದೇಶದಲ್ಲಿ 2013ರಲ್ಲಿ ಶುರುವಾದದ್ದು. ಶಾಲೆ ಬಿಟ್ಟ ಹುಡುಗಿಯರಿಗೆ ಅಂಗನವಾಡಿಯಲ್ಲಿ ಕೊಡಬೇಕು ಅಂತಲೂ ಇದೆ, ಆದರೆ ನಮ್ಮವಳು ಶಾಲೆ ಬಿಟ್ಟ ಮೇಲೆ ಅಂಗನವಾಡಿ ಕಡೆ ತಲೆ ಹಾಕಿದ್ದೇ ಇಲ್ಲ, ಯಾರೂ ಕರೆದೂ ಇರಲಿಲ್ಲ. ಮೊದಲ ವಾರಗಳಲ್ಲಿ ಒಬ್ಬ ಹುಡುಗಿಯನ್ನು ಗಮನಿಸಿದೆ. ಮಾತ್ರೆ ಬಾಯಿಗೆ ಹಾಕಿಕೊಂಡ ಹಾಗೆ ಮಾಡಿ ನಲ್ಲಿ ಹತ್ತಿರ ಓಡುತ್ತಿದ್ದಳು. ನಲ್ಲಿ ಬುಡದ ಕೆಸರಲ್ಲಿ ನೀಲಿ ಬಣ್ಣ. ಬೈಯಬೇಕು ಅನ್ನಿಸಿತು. ಆಗ ನನ್ನ ಬಚ್ಚಲು ನೆನಪಾಯಿತು. ಪಕ್ಕಕ್ಕೆ ಕರೆದು, "ನುಂಗಿದ್ರೆ ಏನಾಗುತ್ತೆ ಪುಟ್ಟಾ?" ಅಂದೆ. "ಹೊಟ್ಟೆ ತೊಳೆಸುತ್ತೆ ಮಿಸ್, ನಾನು ಬೆಳಿಗ್ಗೆ ಏನೂ ತಿಂದು ಬಂದಿರಲ್ಲ" ಅಂದಳು. ನಾನು ಪ್ರಾರ್ಥನೆ ಮುಗಿದ ಕೂಡಲೇ ಕೊಡುತ್ತಿದ್ದೆ. ಮುಂದಿನ ವಾರದಿಂದ ಬಿಸಿಯೂಟ ಆದ ಮೇಲೆ ಕೊಟ್ಟೆ, ನಾನೂ ಅವರ ಮುಂದೆಯೇ ಒಂದು ನುಂಗಿದೆ. ಅಷ್ಟೇ ಬದಲಾವಣೆ. ಕೆಸರಲ್ಲಿ ನೀಲಿ ಕಾಣುವುದು ನಿಂತಿತು.

ಮಾತ್ರೆಯಲ್ಲಿ ಕಬ್ಬಿಣದ ಜೊತೆ ಇರುವ ಆ ಫೋಲಿಕ್ ಆಸಿಡ್ ಕತೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ, ಯಾಕೆಂದರೆ ಅದು ನಮ್ಮ ದೇಶದ ಬಡ ಬಸುರಿಯರಿಂದಲೇ ಜಗತ್ತಿಗೆ ಸಿಕ್ಕಿದ್ದು. 1928ರಲ್ಲಿ ಲೂಸಿ ವಿಲ್ಸ್ ಅನ್ನುವ ಇಂಗ್ಲಿಷ್ ಡಾಕ್ಟರ್ ಮುಂಬೈಗೆ ಬಂದರು. ಬಟ್ಟೆ ಗಿರಣಿಯ ಕೂಲಿ ಹೆಂಗಸರಿಗೆ ಬಸುರಿಯಲ್ಲಿ ಒಂದು ಬಗೆಯ ಕೆಟ್ಟ ರಕ್ತಹೀನತೆ ಬರುತ್ತಿತ್ತು, ಎಷ್ಟೋ ಜನ ಸಾಯುತ್ತಿದ್ದರು, ಕಾರಣ ಗೊತ್ತಿರಲಿಲ್ಲ. ವಿಲ್ಸ್ ರೋಗಾಣು ಹುಡುಕಿದರು, ಸಿಗಲಿಲ್ಲ. ಆಮೇಲೆ ಆ ಹೆಂಗಸರು ಏನು ತಿನ್ನುತ್ತಾರೆ ಅಂತ ನೋಡಿದರು. ಹಣ್ಣು ತರಕಾರಿ ಇಲ್ಲದ, ಬರೀ ಹೊಟ್ಟೆ ತುಂಬಿಸುವ ಊಟ. ನಡುವೆ ಕೆಲವು ತಿಂಗಳು ನೀಲಗಿರಿಯ ಕೂನೂರಿನ ಪ್ರಯೋಗಾಲಯದಲ್ಲೂ ಕೆಲಸ ಮಾಡಿದರು. ಇಲಿಗಳಿಗೆ, ಕೋತಿಗಳಿಗೆ ಅದೇ ಊಟ ಕೊಟ್ಟು ನೋಡಿದರು. ಕೊನೆಗೆ ಮಾರ್ಮೈಟ್ ಅನ್ನುವ ಅಗ್ಗದ ಯೀಸ್ಟ್ ಸಾರ ಕೊಟ್ಟಾಗ ಕೋತಿ ಚೇತರಿಸಿಕೊಂಡಿತು. ಬಸುರಿಯರೂ ಚೇತರಿಸಿಕೊಂಡರು. 1931ರಲ್ಲಿ ಇದನ್ನು ಪ್ರಕಟಿಸಿದರು. ಆ ಸಾರದಲ್ಲಿದ್ದದ್ದು ಏನು ಅಂತ ಆಗ ಗೊತ್ತಿರಲಿಲ್ಲ, ಅದನ್ನು ವಿಲ್ಸ್ ಅಂಶ ಅಂತಲೇ ಕರೆದರು. 1941ರಲ್ಲಿ ಅದನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದರು. ಲ್ಯಾಟಿನ್‌ನಲ್ಲಿ ಫೋಲಿಯಂ ಅಂದರೆ ಎಲೆ, ಅದಕ್ಕೇ ಫೋಲಿಕ್. ಯಾವ ಗಿರಣಿ ಹೆಂಗಸಿನ ಹೆಸರೂ ನಮಗೆ ಗೊತ್ತಿಲ್ಲ. ಆದರೆ ತರಗತಿಯಲ್ಲಿ ಈ ಪಾಠ ಬಂದಾಗ ನಾನು ಅವರನ್ನು ನೆನೆಯದೆ ಮುಂದೆ ಹೋಗುವುದಿಲ್ಲ.

ವಿಲ್ಸ್ ಮಾಡಿದ ಹಾಗೆ ತಟ್ಟೆಯನ್ನು ನೋಡಿದರೆ ಎಷ್ಟೋ ವಿಷಯ ಗೊತ್ತಾಗುತ್ತದೆ. ನಮ್ಮ ಕಡೆ ರಾಗಿ ತಿಂದರೆ ರಕ್ತ ಬರುತ್ತೆ ಅಂತ ಎಲ್ಲರೂ ಹೇಳುತ್ತಾರೆ. ರಾಗಿಯಲ್ಲಿ ಕಬ್ಬಿಣ ಇದೆ, ನಿಜ, 100 ಗ್ರಾಮಿಗೆ ನಾಲ್ಕೂವರೆ ಮಿಲಿಗ್ರಾಮಿನಷ್ಟು. ಆದರೆ ಕಾಳು ಸೊಪ್ಪು ಧಾನ್ಯದಲ್ಲಿರುವ ಕಬ್ಬಿಣ ಮೈಗೆ ಹತ್ತುವುದು ಬಹಳ ಕಡಿಮೆ. ರಾಗಿಯಲ್ಲಿರುವ ಫೈಟೇಟ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಅಜ್ಜಿಯರು ಮೊಳಕೆ ಕಟ್ಟಿ, ಒಣಗಿಸಿ, ಹುರಿದು ರಾಗಿ ಹಿಟ್ಟು ಮಾಡುತ್ತಿದ್ದರಲ್ಲ, ಮೊಳಕೆ ಬಂದಾಗ ಆ ಹಿಡಿತ ಸಡಿಲವಾಗುತ್ತದೆ. ಮುದ್ದೆ ಜೊತೆ ನುಗ್ಗೆಸೊಪ್ಪಿನ ಬಸ್ಸಾರು, ಮೊಳಕೆ ಹುರುಳಿಕಾಳು, ಮೇಲೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿದರೆ ಅದೇ ಕಬ್ಬಿಣ ಎಷ್ಟೋ ಚೆನ್ನಾಗಿ ಹತ್ತುತ್ತದೆ. ಹುಳಿಯಲ್ಲಿರುವ ಸಿ ವಿಟಮಿನ್ ಕೆಲಸ ಅದು. ಮಾಂಸ ತಿನ್ನುವವರಿಗೆ ಇನ್ನೂ ಸುಲಭ. ಆದರೆ ಊಟ ಆಗಿ ಕೈ ಒರೆಸಿಕೊಳ್ಳುವ ಮೊದಲೇ ಟೀ ಕುಡಿದರೆ ಟೀಯಲ್ಲಿರುವ ಒಗರು ಎಲ್ಲವನ್ನೂ ಕೆಡಿಸುತ್ತದೆ. ಒಂದು ಗಂಟೆಯಾದರೂ ಬಿಡಬೇಕು. ಕ್ಯಾಲ್ಸಿಯಂ ಮಾತ್ರೆಯನ್ನೂ ಕಬ್ಬಿಣದ ಮಾತ್ರೆಯನ್ನೂ ಒಟ್ಟಿಗೆ ತಗೊಳ್ಳಬಾರದು, ನಡುವೆ ಎರಡು ಗಂಟೆ ಇರಬೇಕು. ನಮ್ಮ ಮನೆಯಲ್ಲಿ ಎಷ್ಟೋ ಬಸುರಿಯರು ಮರೆತುಹೋಗುತ್ತೆ ಅಂತ ಎರಡನ್ನೂ ಒಂದೇ ಗುಟುಕಿಗೆ ನುಂಗಿದ್ದಾರೆ.

ಹಾಗಂತ ರಕ್ತ ತೀರಾ ಕಡಿಮೆಯಾದ ಮೇಲೆ ಬರೀ ಊಟದಿಂದ ಸರಿ ಮಾಡುತ್ತೇನೆ ಅಂದರೆ ಆಗುವುದಿಲ್ಲ. ಬೀಟ್‌ರೂಟ್ ಜ್ಯೂಸ್, ದಾಳಿಂಬೆ, ಖರ್ಜೂರ ಅಂತ ವಾಟ್ಸಾಪಿನಲ್ಲಿ ಬರುತ್ತಲೇ ಇರುತ್ತದೆ. ಬಣ್ಣ ಕೆಂಪಗಿದೆ ಅಂತ ಬೀಟ್‌ರೂಟ್ ರಕ್ತ ಆಗುವುದಿಲ್ಲ. ತಿನ್ನಿ, ಒಳ್ಳೆಯದೇ, ಮಾತ್ರೆ ಮಾತ್ರ ಬಿಡಬೇಡಿ. 2018ರಲ್ಲಿ ಬಂದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ಪ್ರಕಾರ ನಾಲ್ಕನೇ ತಿಂಗಳಿಂದ ದಿನಕ್ಕೊಂದು ಕೆಂಪು ಮಾತ್ರೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ರಕ್ತ ಕಡಿಮೆ ಇದ್ದರೆ ದಿನಕ್ಕೆರಡು. ಜೊತೆಗೆ ನಾಲ್ಕರಿಂದ ಆರು ತಿಂಗಳೊಳಗೆ ಒಮ್ಮೆ ಜಂತುಹುಳದ ಮಾತ್ರೆ, ಯಾಕೆಂದರೆ ಬರಿಗಾಲಲ್ಲಿ ತೋಟ ಗದ್ದೆ ಓಡಾಡುವವರಿಗೆ ಕೊಕ್ಕೆಹುಳು ಅಂಗಾಲಿನಿಂದ ಹತ್ತಿ ಕರುಳಲ್ಲಿ ಕೂತು ರಕ್ತ ಹೀರುತ್ತದೆ. ಇಷ್ಟೆಲ್ಲ ಪುಕ್ಕಟೆ ಸಿಗುತ್ತದೆ. ಆದರೂ ಅದೇ ಸಮೀಕ್ಷೆಯಲ್ಲಿ 180 ದಿನ ಮಾತ್ರೆ ತಗೊಂಡೆ ಅಂದವರು ದೇಶದಲ್ಲಿ ಶೇಕಡಾ 26 ಮಾತ್ರ. ನಾಲ್ಕರಲ್ಲಿ ಒಬ್ಬಳು. ಉಳಿದ ಮೂವರ ಮನೆಯ ಅಟ್ಟದಲ್ಲೂ ಒಂದೊಂದು ಡಬ್ಬ ಇರಬೇಕು ಅಂತ ನನಗೆ ಅನ್ನಿಸುತ್ತದೆ.

ಒಂದು ತಿಂಗಳು ಸರಿಯಾಗಿ ನುಂಗಿದರೂ ಹಿಮೋಗ್ಲೋಬಿನ್ ಏರದಿದ್ದರೆ ಸುಮ್ಮನೆ ಕೂರಬಾರದು. ಬಿ 12 ಕೊರತೆ ಇರಬಹುದು, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ ಇರಬಹುದು, ತಲಸ್ಸೀಮಿಯಾ, ಅಥವಾ ಮೈಸೂರು ಚಾಮರಾಜನಗರ ಕಡೆಯ ಕಾಡಿನ ಹಾಡಿಗಳಲ್ಲಿ ಕಾಣುವ ಸಿಕಲ್ ಸೆಲ್. ಅದಕ್ಕೆಲ್ಲ ಪರೀಕ್ಷೆ ಬೇರೆ.

ತಟ್ಟೆಯ ವಿಷಯದಲ್ಲಿ ಇನ್ನೊಂದು ಮಾತು. 2017ರ ಗಾಂಧಿ ಜಯಂತಿಯಂದು ನಮ್ಮ ರಾಜ್ಯದಲ್ಲಿ ಮಾತೃಪೂರ್ಣ ಶುರುವಾಯಿತು. ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಮಧ್ಯಾಹ್ನ ಬಿಸಿ ಊಟ. ಅನ್ನ, ಸಾಂಬಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಊಟ ಆದ ಮೇಲೆ ಅಲ್ಲೇ ಮಾತ್ರೆ. ನನಗೆ ಇದು ಬಹಳ ಇಷ್ಟವಾದ ಯೋಜನೆ, ಯಾಕೆಂದರೆ ಆ ಹೊತ್ತಿನ ಊಟ ಅವಳ ಹೊಟ್ಟೆಗೇ ಹೋಗುತ್ತದೆ. ಆದರೆ ನಮ್ಮೂರಿನಲ್ಲಿ ಕಂಡದ್ದು ಹೇಳುತ್ತೇನೆ. "ನಮ್ಮನೇಲಿ ಊಟ ಇಲ್ವಾ, ಅಲ್ಲಿ ಹೋಗಿ ತಟ್ಟೆ ಹಿಡೀಬೇಕಾ" ಅಂತ ಅತ್ತೆಯಂದಿರು ಕಳಿಸುತ್ತಿರಲಿಲ್ಲ. ಮನೆಗೇ ಸಾಮಾನು ಕೊಟ್ಟಾಗ ಮೊಟ್ಟೆ ಬೇಯಿಸಿ ಮೊದಲು ಗಂಡಸರಿಗೆ, ಆಮೇಲೆ ಮಕ್ಕಳಿಗೆ. ಬಸುರಿ ಕೊನೆಗೆ ಕೂರುತ್ತಾಳೆ. ಪಾತ್ರೆ ತಳದಲ್ಲಿ ಸೊಪ್ಪು ಹೋಗಿ ನೀರು ಉಳಿದಿರುತ್ತದೆ. ಅತ್ತೆಯೂ ಹಾಗೇ ಉಂಡು ಬಂದವರು. ಅವರ ಅಂಗೈ ಯಾರೂ ತಿರುಗಿಸಿ ನೋಡಿರುವುದಿಲ್ಲ. ಯಾರ ಮೇಲೂ ಕೋಪ ಮಾಡಿಕೊಳ್ಳಲು ನನಗೆ ಆಗುವುದಿಲ್ಲ, ಸಂಕಟ ಮಾತ್ರ ಆಗುತ್ತದೆ.

ಚಿಕ್ಕಮ್ಮನ ಮಗಳಿಗೆ ಈಗ ಇಪ್ಪತ್ತನಾಲ್ಕು. ಮತ್ತೆ ಬಸುರಿ, ಆರನೇ ತಿಂಗಳು. ಈ ಸಲ ಎರಡನೇ ತಿಂಗಳಲ್ಲೇ ತಾಯಿ ಕಾರ್ಡ್ ಮಾಡಿಸಿದ್ದಾರೆ. ಆಗ 8.9 ಇತ್ತು. ಮಾತ್ರೆ ಎಣಿಸುವ ಕೆಲಸ ಅವಳ ಗಂಡ ವಹಿಸಿಕೊಂಡಿದ್ದಾನೆ. ಅಡುಗೆಮನೆ ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ದಿನಾ ರಾತ್ರಿ ಪೆನ್ನಿನಲ್ಲಿ ಒಂದು ಚುಕ್ಕೆ ಇಡುತ್ತಾನೆ. ಆ ಕ್ಯಾಲೆಂಡರಿನ ಫೋಟೋ ನನಗೆ ಕಳಿಸಿದ್ದ. ಎರಡು ದಿನ ಚುಕ್ಕೆ ಇಲ್ಲ, ಆ ಎರಡು ದಿನ ಜ್ವರ ಅಂತ ಪಕ್ಕದಲ್ಲಿ ಬರೆದಿದ್ದಾನೆ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆ ಇರುತ್ತದಲ್ಲ, ಅದಕ್ಕೆ ಕೂಲಿ ಬಿಟ್ಟು ಅವನೇ ಕರೆದುಕೊಂಡು ಹೋಗುತ್ತಾನೆ.

ಮೊನ್ನೆ 9ನೇ ತಾರೀಕು ಸಂಜೆ ಅವಳ ಫೋನ್ ಬಂತು.

"ಅಕ್ಕ, ಹತ್ತೂ ನಾಲ್ಕು" ಅಂದಳು.

ಸರಿಯಾಗಿ ಕೇಳಿಸಲಿಲ್ಲ. ಮತ್ತೆ ಹೇಳಿಸಿದೆ. 10.4. ಇನ್ನೂ 11 ಆಗಿಲ್ಲ ಅಂತ ಅವಳೇ ಹೇಳಿದಳು. ಅವಳ ಕಡೆ ಸೂರಿನ ಮೇಲೆ ಮಳೆ ಬೀಳುವ ಸದ್ದು ಜೋರಾಗಿ ಕೇಳುತ್ತಿತ್ತು. ಕೇಳಬಾರದೇನೋ ಅಂದುಕೊಂಡೇ ಕೇಳಿದೆ, "ಮಣ್ಣು ತಿನ್ನಬೇಕು ಅನ್ಸುತ್ತಾ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬಾಗಿಲ ಹತ್ತಿರ ಹೋದಳು ಅಂತ ಕಾಣುತ್ತದೆ, ಮಳೆ ಸದ್ದು ಇನ್ನೂ ಹತ್ತಿರವಾಯಿತು.

"ವಾಸನೆ ಚೆನ್ನಾಗಿದೆ ಅಕ್ಕ" ಅಂದಳು. "ತಿನ್ನಬೇಕು ಅನ್ನಿಸ್ತಿಲ್ಲ."